ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಗಾರ್ ತರಸಬೇಕಂದ್ರ ಯಾವುದು ತರಸಬೇಕ್ರಿ?

ಪ್ರಶ್ನೆ: ನಾ ರಿಟೈರ್ ಆಗಿ ಎರಡ ವರ್ಷ ಆತ್ರಿ. ಸಿಗರೇಟ್ ಪೂರಾ ಬಿಟ್ಟೇನಿ, ಆದ್ರ ವರ್ಷದಾಗ ಒಂದ್ ನಾಕ್ ಸಲ ಗೆಳೆಯಾರು ಕೂಡಿದಾಗ ಒಂದೊಂದು ಸಿಗಾರ್ ಹಚ್ಚತೀವಿ. ಈಗ ಅಳಿಯ ದುಬೈಯಿಂದ ಬರಾಕತ್ಯಾನ, "ಮಾಮಾ, ಯಾವುದು ತರ್ಲಿ" ಅಂತಾನ. ಸೋವಿದ್ದರಿಂದ ಹಿಡಿದು ತುಟ್ಟಿದ್ದರ ತನಕ ಹೇಳ್ರಿ. – ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಮೊದಲ ಲೆಕ್ಕ ಹೇಳತೇನಿ ಸರ. ಪರದೇಶದಿಂದ ಬರೋರು ಡ್ಯೂಟಿ ಇಲ್ಲದ 25 ಸಿಗಾರ್ ತರಬಹುದು, ಅದನ್ನ ದಾಟಿದ್ರ ಕಸ್ಟಮ್ಸ್‌ನ್ಯಾಗ ತೆರಿಗಿ ಜೋರ ಬೀಳತೈತಿ. ಆ 25ನೂ ಒಂದ ಬಾಕ್ಸ್ ಬ್ಯಾಡ್ರಿ, ನಾಕೈದು ನಮೂನಿ ಬಿಡಿ ಬಿಡಿ ತರಸ್ರಿ, ಯಾಕಂದ್ರ ತಮ್ಮ ಬಾಯಿಗೆ ಯಾವುದು ಹೊಂದತೈತಿ ಅಂತ ಗೊತ್ತಾಗೋ ಮುಂಚೇನ ಬಾಕ್ಸ್ ತಗೊಂಡು ಆಮ್ಯಾಲ ಅರ್ಧ ಮಂದಿಗೆ ಹಂಚಿದವ್ರನ್ನ ಭಾಳ ನೋಡೇನಿ.

ಸೋವಿದ್ರಾಗ ಕ್ಯೂಬಾದ ಕ್ವಿಂಟೆರೊ, ಹೊಸೆ ಪಿಯೆದ್ರಾ ಅದಾವ. ಕೈಲೆ ಕಟ್ಟಿದ್ದ ಖರೆ, ಆದ್ರ ಒಳಗ ಉದ್ದಕ ಇಡೀ ಎಲಿ ಇರಂಗಿಲ್ಲ, ತುಣುಕು ತುಂಬಿರತಾರ, ಹಿಂಗಾಗಿ ಜಲ್ದಿ ಉರೀತಾವ, ಬೂದಿ ಉದರತೈತಿ, ಕಡೀಕ ಸ್ವಲ್ಪ ಖಾರ ಹೊಡೀತೈತಿ. ಸೌಮ್ಯ ಬೇಕಂದ್ರ ಡೊಮಿನಿಕನ್ ರಿಪಬ್ಲಿಕ್‌ದ ಮಕನುಡೊ ಕೆಫೆ. ಅದರ ಮ್ಯಾಲಿನ ಎಲಿ ಕನೆಕ್ಟಿಕಟ್ ಶೇಡ್, ಹೊಲದ ಮ್ಯಾಲ ಬಟ್ಟಿ ಕಟ್ಟಿ ನೆರಳಾಗ ಬೆಳಸಿದ್ದು, ಅದಕ್ಕ ಅಷ್ಟು ತೆಳ್ಳಗ. ಆದ್ರ ನನ್ನ ಮನಸಿನ ಮಾತು ಕೇಳಿದ್ರ ಆರ್ತುರೊ ಫುಯೆಂತೆ ಕಂಪನಿಯ ಶಾರ್ಟ್ ಸ್ಟೋರಿ. ನಾಕ ಇಂಚಿಂದು, ಎರಡೂ ತುದಿ ಸಣ್ಣಾಗಿರತಾವ, ಮ್ಯಾಲ ಕ್ಯಾಮರೂನ್ ಎಲಿ, ಅರ್ಧ ತಾಸು ಮ್ಯಾಲೆ ನಡೀತೈತಿ. ಇಷ್ಟು ಸಣ್ಣ ಸಿಗಾರಿನ್ಯಾಗ ರುಚಿ ಇಷ್ಟು ಸಲ ಬದಲಾಗೋದು ನಾ ಬ್ಯಾರೆ ಕಡೆ ನೋಡಿಲ್ಲ.

ನಡುವಿನ ರೇಟಿನ್ಯಾಗ ಮಾಂಟೆಕ್ರಿಸ್ಟೊ ನಂಬರ್ 4 ಬಿಡಬ್ಯಾಡ್ರಿ. 129 ಮಿಲಿಮೀಟರ್ ಉದ್ದ, 42 ರಿಂಗ್. ರಿಂಗ್ ಅಂದ್ರ ದಪ್ಪದ ಅಳತಿ, ಒಂದು ಇಂಚಿನ 64ರಾಗ ಎಷ್ಟು ಭಾಗ ಅಂತ. ದಪ್ಪ ಇದ್ದಷ್ಟೂ ಚಲೋ ಅನ್ನೋದು ತಪ್ಪು ತಿಳವಳಿಕಿ. ಕ್ಯೂಬಾದ್ದ ಇನ್ನೂ ಕಡಕ್ ಬೇಕಂದ್ರ ಪರ್ತಗಾಸ್ ಸೀರಿ ಡಿ ನಂಬರ್ 4. ಆಮ್ಯಾಲ ನಿಕರಾಗುವಾದ ಪದ್ರೋನ್ 1964 ಆ್ಯನಿವರ್ಸರಿ, ಇದು ಬಂದದ್ದು 1994ರಾಗ, ಕಂಪನಿಗೆ 30 ವರ್ಷ ತುಂಬಿದಾಗ. ಒತ್ತಿ ಚೌಕ ಮಾಡಿರತಾರ, ಎಲಿ ನಾಕ ವರ್ಷ ಹಳೇದು. ಕಾಫಿಪುಡಿ, ಕೋಕೊ, ಹುರದ ಶೇಂಗಾ, ಈ ವಾಸನಿ ಒಂದರ ಹಿಂದೊಂದು ಬರತಾವ. ಇದಕ್ಕ ಕೊಟ್ಟ ರೊಕ್ಕ ನನಗ ಒಮ್ಮಿನೂ ವ್ಯರ್ಥ ಅನಿಸಿಲ್ಲ.

ನಿಮ್ಮ ಜಾಗದಾಗ ನಾ ಇದ್ರ 10 ಶಾರ್ಟ್ ಸ್ಟೋರಿ, 5 ಮಕನುಡೊ, 6 ಮಾಂಟೆಕ್ರಿಸ್ಟೊ, 4 ಪದ್ರೋನ್ ಹೇಳತಿದ್ದೆ, ಅಲ್ಲಿಗೆ 25 ಆತು. ಮತ್ತ ಒಂದು ಮಾತು, ಸಿಗರೇಟ್ ಬಿಟ್ಟವ್ರಿಗೆ ಹೊಗಿ ಒಳಗ ಎಳಕೊಳ್ಳೋ ಚಾಳಿ ಹೋಗಿರಂಗಿಲ್ಲ. ಸಿಗಾರಿನ ಹೊಗಿ ಬಾಯಾಗ ಆಡಿಸಿ ಬಿಡೋದು, ನಿಕೋಟಿನ್ ಬಾಯಿ ಚರ್ಮದಿಂದನ ರಕ್ತಕ್ಕ ಸೇರತೈತಿ. ಹಂಗಂತ ಎಳಕೊಳ್ಳದಿದ್ರ ಅಪಾಯ ಇಲ್ಲ ಅನಕೋಬ್ಯಾಡ್ರಿ, ಬಾಯಿ, ಗಂಟಲ, ಅನ್ನನಾಳದ ಕ್ಯಾನ್ಸರ್ ಸಿಗಾರಿನಿಂದನೂ ಬರತೈತಿ. ವರ್ಷಕ್ಕ ನಾಕ ಅಂದೀರಲ್ಲ, ಅದು ವಾರಕ್ಕ ನಾಕ ಆಗದಂಗ ನೋಡಕೋರಿ.

ಪ್ರಶ್ನೆ: ಒಮ್ಮ್ಯಾರ ಕ್ಯೂಬಾದ ತುಟ್ಟಿ ಸಿಗಾರ್ ಕೊಹಿಬಾ ಬೆಹಿಕೆ ಸೇದಬೇಕಂತ ಆಸೆ. ಒಬ್ಬಾವ ಗ್ಲಾಸ್ ಮುಚ್ಚಳದ ಬಾಕ್ಸ್ ಅರ್ಧ ರೇಟಿಗೆ ಕೊಡತೇನಂತಾನ, ತಗೋಬಹುದಾ? – ಓದುಗರು, ಜಮಖಂಡಿ

ಉತ್ತರ: ಬ್ಯಾಡ್ರಿ, ಒಂದು ರೂಪಾಯಿನೂ ಕೊಡಬ್ಯಾಡ್ರಿ. ಕೊಹಿಬಾದವ್ರು ಗ್ಲಾಸ್ ಮುಚ್ಚಳದ ಬಾಕ್ಸ್ ಮಾಡಂಗ ಇಲ್ಲ, ಗ್ಲಾಸ್ ಕಂಡ್ರ ನಕಲಿ ಅಂತ ಅಲ್ಲೇ ಎದ್ದ ಬರ್ರಿ. ನಾನೂ ಗೋವಾದ ಒಂದು ಅಂಗಡಿಯಾಗ ಹಿಂಗ ಮೋಸ ಹೋಗೇನಿ, ಮನಿಗೆ ತಂದು ಕತ್ತರಿಸಿ ನೋಡಿದ್ರ ಒಳಗ ಬರೇ ಕಡ್ಡಿ, ಪುಡಿ, ಆ ಸಿಟ್ಟು ಇನ್ನೂ ಹೋಗಿಲ್ಲ. ಖರೆ ಬಾಕ್ಸ್‌ಗೆ ಹಸಿರು ಸರ್ಕಾರಿ ಸೀಲ್, ನಂಬರ್ ಇರತೈತಿ, ತಳಕ್ಕ ಫ್ಯಾಕ್ಟರಿ ಕೋಡ್ ಮತ್ತ ಕಟ್ಟಿದ ತಿಂಗಳು, ವರ್ಷ ಹೊಡದಿರತಾರ.

ಕೊಹಿಬಾ 1966ರಾಗ ಫಿಡೆಲ್ ಕ್ಯಾಸ್ಟ್ರೊ ಸಲುವಾಗಿ ಶುರು ಆದದ್ದು. ಈಗಿನ ಬೆಹಿಕೆ 2010ರಾಗ ಬಂತು. ಅದಕ್ಕ ಹಾಕೋ ಮೆದಿಯೊ ತಿಯೆಂಪೊ ಅನ್ನೋದು ಗಿಡದ ನೆತ್ತಿ ಮ್ಯಾಲಿನ ಎರಡ ಎಲಿ, ಅದೂ ಎಲ್ಲಾ ಗಿಡಕ್ಕ ಬರಂಗಿಲ್ಲ, ಹಿಂಗಾಗಿ ಕಡಿಮಿ ತಯಾರಾಗತೈತಿ. 2022ರಾಗ ಕೊಹಿಬಾ ರೇಟು ಜಗತ್ತಿನ ತುಂಬ ಒಂದ ಮಟ್ಟಕ್ಕ ಏರಿಸಿದ್ರು, ಅಂದಮ್ಯಾಲ ಅರ್ಧ ರೇಟಿಗೆ ಕೊಡಾಂವ ಎಲ್ಲಿಂದ ತಂದಾನು? ಅಪರೂಪದ್ದ ಬೇಕಂದ್ರ ನಾ ಫುಯೆಂತೆ ಓಪಸ್ ಎಕ್ಸ್ ಕಡೆ ಕೈ ತೋರಸತೇನಿ. ಡೊಮಿನಿಕನ್ ಮಣ್ಣಿನ್ಯಾಗ ಮ್ಯಾಲೆ ಸುತ್ತೋ ಎಲಿ ಬೆಳೆಯಾಕ ಆಗಂಗಿಲ್ಲ ಅಂತ ಮಂದಿ ಅಂತಿದ್ರು, ಫುಯೆಂತೆದವ್ರು ಬೆಳದು 1995ರಾಗ ಮಾರಾಟಕ್ಕ ಇಟ್ರು. ಭಾಳ ಕಡಕ್ ಇರತೈತಿ, ಹಸದ ಹೊಟ್ಟಿಲೆ ಮುಟ್ಟಬ್ಯಾಡ್ರಿ.

ಪ್ರಶ್ನೆ: ಕಾಣಿಕಿ ಬಂದ ಸಿಗಾರ್ ಕಪಾಟಿನ್ಯಾಗ ಇಟ್ಟಿದ್ದೆ, ಎಪ್ರಿಲ್‌ನ್ಯಾಗ ತಗದ್ರ ಸೀಳ ಬಿಟ್ಟಾವ. ಒಂದ ಎರಡಕ್ಕ ಸೂಜಿ ಚುಚ್ಚಿದಂಗ ತೂತು ಅದಾವ. – ಓದುಗರು, ವಿಜಯಪುರ

ಉತ್ತರ: ತೂತು ಅಂದ್ರ ತಂಬಾಕಿನ ಹುಳ. ತತ್ತಿ ಎಲಿಯೊಳಗ ಇರತಾವ, 24–25 ಡಿಗ್ರಿ ದಾಟಿದ್ರ ತತ್ತಿ ಒಡದು ಹುಳ ಬರತಾವ, ನಿಮ್ಮೂರಾಗ ಬ್ಯಾಸಗಿಗೆ 40 ಅಂದ್ರ ಹೇಳೋದ ಬ್ಯಾಡ. ತೂತು ಬಿದ್ದವನ್ನ ಒಗೀರಿ, ಉಳದವನ್ನ ಪ್ಲಾಸ್ಟಿಕ್ ಚೀಲದಾಗ ಗಟ್ಟಿ ಕಟ್ಟಿ ಮೂರು ದಿವಸ ಫ್ರೀಜರ್, ಒಂದು ದಿವಸ ಕೆಳಗ ಫ್ರಿಜ್, ಆಮ್ಯಾಲ ಹೊರಗ. ಫ್ರಿಜ್‌ನ್ಯಾಗ ಕಾಯಂ ಇಡಬ್ಯಾಡ್ರಿ, ಒಣಗತಾವ, ಉಳ್ಳಾಗಡ್ಡಿ ವಾಸನಿನೂ ಹಿಡಿತಾವ. ಗಾಳಿ ಆಡದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರಾಗ ಗಾಳಿಯ ತೇವ 65 ಅಥವಾ 69 ಪರ್ಸೆಂಟಿಗೆ ಹಿಡದಿಡೋ ಬೋವೆಡಾ ಕಂಪನಿ ಪಾಕೀಟು ಒಂದು, ಮನ್ಯಾಗ ಎಲ್ಲಕ್ಕಿಂತ ತಂಪ ಇರೋ ಖೋಲಿ, ಇಷ್ಟ ಸಾಕು. ಒಣಗಿದವು ಮೂರ್ನಾಕ ವಾರದಾಗ ನಿಧಾನ ಮೆತ್ತಗ ಆಗತಾವ. ಅವಸರ ಮಾಡಿ ಹಸಿ ಬಟ್ಟಿ ಸುತ್ತಿದ್ರ ಒಳಗಿನ ಎಲಿ ಉಬ್ಬಿ ಮ್ಯಾಲಿಂದು ಇನ್ನಷ್ಟು ಹರಿತೈತಿ.

ಪ್ರಶ್ನೆ: ನನಗ 19. ಸಿಗರೇಟಿಗಿಂತ ಸಿಗಾರ್ ಚಲೋ ಅಂತಾರ, ಯಾವುದರಿಂದ ಶುರು ಮಾಡ್ಲಿ? – ವಿದ್ಯಾರ್ಥಿ, ಬಾಗಲಕೋಟೆ

ಉತ್ತರ: ಶುರು ಮಾಡಬ್ಯಾಡಪ್ಪ. ನಮ್ಮ ರಾಜ್ಯದಾಗ 21 ತುಂಬದವ್ರಿಗೆ ತಂಬಾಕ ಮಾರೋದ ಕಾನೂನಿಗೆ ವಿರುದ್ಧ. ಚಲೋ ಅಂದವ್ರು ನಿನಗ ತಪ್ಪು ಹೇಳ್ಯಾರ, ಒಂದ ದೊಡ್ಡ ಸಿಗಾರಿನ್ಯಾಗ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕ ಇರಬಹುದು.

ಪ್ರಶ್ನೆ: ನಮ್ಮ ನಿಪ್ಪಾಣಿ ತಂಬಾಕಿಗೆ ಇಷ್ಟು ಹೆಸರೈತಿ, ಇದರಿಂದ ಯಾಕ ಸಿಗಾರ್ ಆಗಂಗಿಲ್ಲ? – ರೈತ, ನಿಪ್ಪಾಣಿ

ಉತ್ತರ: ಈ ಪ್ರಶ್ನೆ ಓದಿ ನನಗ ಎದಿ ತುಂಬಿ ಬಂತು, ಯಾಕಂದ್ರ ನಮ್ಮಜ್ಜಿ ಅಲ್ಲಿ ವಖಾರಿಯಾಗ ತಂಬಾಕ ಹಸನ ಮಾಡಾಕಿ, ಆಕಿ ಸೀರಿ ಸೆರಗಿಗೆ ಇರತಿದ್ದ ಘಾಟು ಚಲೋ ಸಿಗಾರ್ ಬಾಕ್ಸ್ ತಗದಾಗೆಲ್ಲಾ ನೆನಪಾಗತೈತಿ. ನಮ್ಮದು ಬೀಡಿ ತಂಬಾಕ. ದಪ್ಪ ಎಲಿ, ಘಾಟು ಜಾಸ್ತಿ, ಗಿಡ ಕೊಯ್ದು ಹೊಲದಾಗ ಬಿಸಲಿಗೆ ಒಣಗಿಸಿ ಪುಡಿ ಮಾಡೋದು, ಹಿಂಗಾಗಿ ಎಲಿ ಹರದ್ರೂ ಚಿಂತಿಲ್ಲ. ಸಿಗಾರಿಗೆ ಹಂಗಲ್ಲ. ಮ್ಯಾಲೆ ಸುತ್ತೋ ಎಲಿ ಒಂದೊಂದ ಬಿಡಿಸಿ, ನೆರಳಿನ ಕೊಟ್ಟಿಗ್ಯಾಗ ವಾರಗಟ್ಟಲೆ ತೂಗಹಾಕಿ, ಆಮ್ಯಾಲ ರಾಶಿ ಒಟ್ಟಿ ಅದರ ಕಾವಿನ್ಯಾಗ ಹದ ಮಾಡತಾರ, ಕಾವು ಏರಿದಂಗ ರಾಶಿ ಒಡದು ಮತ್ತ ಒಟ್ಟತಾರ. ಒಂದು ತೂತು ಬಿದ್ರ ಆ ಎಲಿ ಸುತ್ತಾಕ ಬರಂಗಿಲ್ಲ.

ಆದ್ರ ನಮ್ಮ ದೇಶದಾಗ ಈ ಕೆಲಸ ಗೊತ್ತ ಇಲ್ಲಂತಲ್ಲ. ತಮಿಳುನಾಡಿನ ತಿರುಚ್ಚಿ, ದಿಂಡಿಗಲ್ ಚಿರೂಟು ಬ್ರಿಟಿಷರ ಕಾಲದಾಗ ಹಡಗ ಹತ್ತಿ ಹೋಗತಿದ್ದವು, ಚಿರೂಟ್ ಅನ್ನೋ ಶಬ್ದ ಬಂದದ್ದ ತಮಿಳಿನ ಸುರುಟ್ಟು ಇಂದ. ನಿಮ್ಮ ಹಿರಿಯಾರು 1981ರಾಗ ರೈತ ಮುಖಂಡ ಶರದ್ ಜೋಶಿಯವ್ರ ಜೋಡಿ ಪುಣೆ–ಬೆಂಗಳೂರ ಹೈವೇ ಮ್ಯಾಲ ಕುಂತು ತಂಬಾಕಿಗೆ ಯೋಗ್ಯ ರೇಟು ಕೇಳಿ ಗೋಲಿಬಾರ್‌ನ್ಯಾಗ ಜೀವಾ ಕೊಟ್ಟವ್ರು, ಎಲಿ ಕಿಮ್ಮತ್ತು ನಿಮಗ ನಾ ಹೇಳಬೇಕಾಗಿಲ್ಲ. ಈ ಸಲ ಒಂದ ಹತ್ತು ಚಲೋ ಎಲಿ ಬಿಡಿಸಿ ದಾರ ಪೋಣಿಸಿ ನೆರಳಾಗ ತೂಗಹಾಕ್ರಿ, ಎರಡ ತಿಂಗಳು ಮುಟ್ಟಬ್ಯಾಡ್ರಿ, ಬಣ್ಣ ಹೆಂಗ ತಿರಗತೈತಿ, ವಾಸನಿ ಹೆಂಗ ಬರತೈತಿ ನನಗ ಬರೀರಿ.