ಪುಲ್‌ಮನ್‌ಗೆ ಬರುತ್ತಿರುವ ತಮ್ಮನಿಗೂ, ಜಾವೆಲಿನ್ ಎಸೆಯುವ ಅವನ ತಂಗಿಗೂ

ತಮ್ಮಾ, ನಿನ್ನ ಎರಡೂ ಪ್ರಶ್ನೆ ಓದಿದೆ. ನಮ್ಮ ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಸೀಟು ಸಿಕ್ಕಿದ ಖುಷಿಯಲ್ಲಿದ್ದಾಗ, ಪ್ಯಾಕ್-12 ಕೂಟದ ಉಳಿದ ವಿಶ್ವವಿದ್ಯಾಲಯಗಳು ಇದನ್ನು ಬಿಟ್ಟು ಹೊರಟವಂತೆ ಎಂಬ ಸುದ್ದಿ ಕಣ್ಣಿಗೆ ಬಿದ್ದು ಮನೆಯಲ್ಲಿ ಗಾಬರಿ. ವಿಟಿಯು ಸಂಯೋಜನೆ ಕಳೆದುಕೊಂಡ ಕಾಲೇಜಿನ ಹಾಗೇನೋ ಎಂದು ನಿನ್ನಪ್ಪ ಕೇಳಿದರಂತೆ. ಹಾಗೇನೂ ಅಲ್ಲ ಎಂದು ಅವರಿಗೆ ಹೇಳು. ಪ್ಯಾಕ್-12 ಅನ್ನುವುದು ಆಟದ ಕೂಟ. ನಿನ್ನ ಪದವಿಗಾಗಲಿ, ಲ್ಯಾಬಿಗಾಗಲಿ, ವೀಸಾಕ್ಕಾಗಲಿ ಅದರಿಂದ ಏನೂ ಆಗುವುದಿಲ್ಲ.

ಆದರೆ ನಿನ್ನ ತಂಗಿಯ ಪ್ರಶ್ನೆಗೆ ಅದೇ ಮುಖ್ಯ. ಮೂಡುಬಿದಿರೆಯಲ್ಲಿ ಓದುತ್ತಾ ಜಾವೆಲಿನ್ ಎಸೆಯುವ ಅವಳಿಗೆ ಇಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಸಿಕ್ಕೀತೇ ಎಂದು ಕೇಳಿದ್ದೀಯ. ಆ ಉತ್ತರಕ್ಕೆ ಸ್ವಲ್ಪ ಹಿಂದಿನ ಕಥೆ ಬೇಕು.

ಅಮೆರಿಕದ ವಿಶ್ವವಿದ್ಯಾಲಯಗಳು ಆಟಕ್ಕಾಗಿ ಕಾನ್ಫರೆನ್ಸ್ ಎಂಬ ಗುಂಪು ಕಟ್ಟಿಕೊಳ್ಳುತ್ತವೆ. ಟಿವಿ ಹಕ್ಕನ್ನು ಗುಂಪಾಗಿ ಮಾರಿ ಹಣ ಹಂಚಿಕೊಳ್ಳುತ್ತವೆ. 2022ರ ಜೂನ್ 30ರಂದು ನಮ್ಮ ಪ್ಯಾಕ್-12ರಲ್ಲಿದ್ದ ಲಾಸ್ ಏಂಜಲೀಸಿನ ಯುಎಸ್‌ಸಿ, ಯುಸಿಎಲ್‌ಎ ವಿಶ್ವವಿದ್ಯಾಲಯಗಳೆರಡೂ ಬಿಗ್ ಟೆನ್ ಎಂಬ ಇನ್ನೊಂದು ಕಾನ್ಫರೆನ್ಸ್‌ಗೆ ಹೋಗುವುದಾಗಿ ಘೋಷಿಸಿದವು. ಬಿಗ್ ಟೆನ್‌ಗೆ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಮೀರಿದ ಟಿವಿ ಒಪ್ಪಂದ ಕುದುರಿತು. ಮರುವರ್ಷ ಜುಲೈ ಕೊನೆಗೆ ಕೊಲರಾಡೊ ಹೊರಟಿತು. ಆಗಸ್ಟ್ 4ರ ಒಂದೇ ದಿನ ಐದು ಹೋದವು, ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ. 1915ರಷ್ಟು ಹಿಂದಕ್ಕೆ ಬೇರು ಚಾಚಿದ್ದ ಕೂಟದಲ್ಲಿ ಉಳಿದದ್ದು ನಾವು ಮತ್ತು ಆರೆಗನ್ ಸ್ಟೇಟ್. ಎರಡೂ ಕೃಷಿ ವಿದ್ಯೆಗಾಗಿ ಹುಟ್ಟಿದ ಸರ್ಕಾರಿ ವಿಶ್ವವಿದ್ಯಾಲಯಗಳು, ಎರಡೂ ಸಣ್ಣ ಊರಿನಲ್ಲಿವೆ.

ಆಟದಲ್ಲಿ ನಾವು ಹಿಂದೆ ಬಿದ್ದಿರಲಿಲ್ಲ. 2023ರ ಮಾರ್ಚಿನಲ್ಲಿ ನಮ್ಮ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಏಳನೇ ಶ್ರೇಯಾಂಕದಿಂದ ಮೇಲೇರಿ ಯುಸಿಎಲ್‌ಎಯನ್ನು ಸೋಲಿಸಿ ಪ್ಯಾಕ್-12 ಟೂರ್ನಿ ಗೆದ್ದಾಗ ಮಗಳೂ ನಾನೂ ಟಿವಿ ಮುಂದೆ ಅತ್ತೇಬಿಟ್ಟೆವು. ಗೋಧಿ, ಮಸೂರ, ಕಡಲೆ ಬೆಳೆಯುವ ಗುಡ್ಡಗಳ ನಡುವಿನ ನಮ್ಮ ಊರಿನ ಮುಂದೆ ಟಿವಿ ಕಂಪನಿಗೆ ಸಿಯಾಟಲ್, ಲಾಸ್ ಏಂಜಲೀಸಿನ ಲಕ್ಷಾಂತರ ಮನೆಗಳೇ ದೊಡ್ಡದಾಗಿ ಕಂಡವು. ಅದು ನನಗೆ ಇವತ್ತಿಗೂ ಅನ್ಯಾಯ ಅಂತಲೇ ಅನಿಸುತ್ತದೆ.

ಹಳೆಯ ಪ್ಯಾಕ್-12ರಿಂದ ವರ್ಷಕ್ಕೆ 3 ಕೋಟಿ ಡಾಲರಿಗೂ ಹೆಚ್ಚು ಪಾಲು ಬರುತ್ತಿತ್ತು. ಅದು ನಿಂತಾಗ ಅಮೆರಿಕನ್ ಫುಟ್‌ಬಾಲ್ ಮುಟ್ಟುವ ಧೈರ್ಯ ಯಾರಿಗೂ ಇರುವುದಿಲ್ಲ, ಏಕೆಂದರೆ ಉಳಿದ ಹಣ ತರುವುದೂ ಅದೇ. ಕತ್ತರಿ ಬೀಳುವುದು ಸದ್ದಿಲ್ಲದ ಆಟಗಳ ಮೇಲೆ. 2025ರ ಜೂನಿನಲ್ಲಿ ಇಲ್ಲಿ ಅಥ್ಲೆಟಿಕ್ಸ್‌ನ ಎಸೆತ, ಜಿಗಿತಗಳನ್ನು ತೆಗೆದುಹಾಕಿದರು, ಸ್ಪ್ರಿಂಟ್, ಹರ್ಡಲ್ಸ್ ಕಡಿಮೆ ಮಾಡಿದರು, ದೂರದ ಓಟಕ್ಕೆ ಒತ್ತು ಕೊಟ್ಟರು. ಇದರಲ್ಲೊಂದು ಲೆಕ್ಕವಿದೆ. ಫುಟ್‌ಬಾಲಿನ ಮೇಲಿನ ಹಂತದಲ್ಲಿ ಉಳಿಯಲು ಒಂದು ವಿಶ್ವವಿದ್ಯಾಲಯ ಕನಿಷ್ಠ 16 ಕ್ರೀಡೆ ನಡೆಸಬೇಕು. ಕ್ರಾಸ್ ಕಂಟ್ರಿ, ಒಳಾಂಗಣ, ಹೊರಾಂಗಣ ಅಥ್ಲೆಟಿಕ್ಸ್ ಮೂರು ಬೇರೆ ಬೇರೆ ಕ್ರೀಡೆಗಳೆಂದು ಎಣಿಕೆಯಾಗುತ್ತವೆ. ಬರೀ ಓಟಗಾರರನ್ನು ಇಟ್ಟುಕೊಂಡರೂ ಆ ಎಣಿಕೆ ತಪ್ಪುವುದಿಲ್ಲ.

ಇದೇ ಊರಿನಲ್ಲಿ ಓದುತ್ತಿದ್ದಾಗ ಕೀನ್ಯಾದ ಹೆನ್ರಿ ರೋನೊ 1978ರಲ್ಲಿ 81 ದಿನಗಳೊಳಗೆ ನಾಲ್ಕು ವಿಶ್ವದಾಖಲೆ ಬರೆದ. ನಿನ್ನ ಹಾಗೆ, ನನ್ನ ಹಾಗೆ ಹೊರದೇಶದಿಂದ ಬಂದ ಹುಡುಗ. ಇಂದು ಅಂಥ ಓಟಗಾರನಿಗೆ ಇಲ್ಲಿ ಜಾಗವಿದೆ, ನಿನ್ನ ತಂಗಿಯ ಜಾವೆಲಿನ್‌ಗೆ ಇಲ್ಲ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

ಇನ್ನೊಂದು ತೊಂದರೆ, ಆಟಗಾರರು ನಿಲ್ಲುವುದಿಲ್ಲ. ಸಣ್ಣ ಕಾಲೇಜಿನಿಂದ ಬಂದ ಫುಟ್‌ಬಾಲ್ ಆಟಗಾರ ಕ್ಯಾಮ್ ವಾರ್ಡ್ ಇಲ್ಲಿ ಹೆಸರು ಮಾಡಿ ಮಯಾಮಿ ವಿಶ್ವವಿದ್ಯಾಲಯಕ್ಕೆ ಹೋದ, 2025ರಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್ಎಫ್ಎಲ್ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಮೊದಲ ಆಯ್ಕೆಯಾದ. ಅವನ ಜಾಗಕ್ಕೆ ಬಂದ ಜಾನ್ ಮಟೀರ್ ಆ ಜಾಗದಲ್ಲಿ ಒಂದೇ ಸೀಸನ್ ಆಡಿ ಒಕ್ಲಹೋಮಕ್ಕೆ ಹೊರಟ. 2024ರಲ್ಲಿ ನಮ್ಮ ತಂಡ ಸಿಯಾಟಲಿನಲ್ಲೇ ಅಲ್ಲಿನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ತಂಡವನ್ನು 24-19ರಿಂದ ಸೋಲಿಸಿದಾಗ ಊರಿಗೆ ಊರೇ ಹಬ್ಬ ಮಾಡಿತ್ತು. ವರ್ಷ ಮುಗಿಯುವುದರೊಳಗೆ ನಮ್ಮ ಕೋಚೂ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಹೋದರು. ಹುಡುಗರನ್ನು ನಾನು ಬಯ್ಯುವುದಿಲ್ಲ. ನಾವು ಬೆಳೆಸುವುದು, ದೊಡ್ಡವರು ಕೊಯ್ಯುವುದು ಎಂಬಂತಾಗಿದೆ, ಅಷ್ಟೆ.

2026ರ ಜುಲೈಯಿಂದ ಬಾಯ್ಸಿ ಸ್ಟೇಟ್, ಫ್ರೆಸ್ನೊ ಸ್ಟೇಟ್, ಗೊನ್ಜಾಗ ಮೊದಲಾದವರನ್ನು ಸೇರಿಸಿಕೊಂಡು ಪ್ಯಾಕ್-12 ಹೊಸದಾಗಿ ಕಟ್ಟುವ ಏರ್ಪಾಡಾಗಿದೆ. ನನಗೆ ಅದರ ಮೇಲೆ ಆಸೆಯಿದೆ. ಗೊನ್ಜಾಗ ಪಕ್ಕದ ಸ್ಪೋಕೇನ್‌ನದೇ, ಬಸ್ಸಿನಲ್ಲಿ ಹೋಗಿ ಆಡಿ ರಾತ್ರಿಗೆ ಹಾಸ್ಟೆಲ್ ಸೇರಬಹುದು. ಅತ್ತ ಬಿಗ್ ಟೆನ್ ಸೇರಿದ ಸಿಯಾಟಲಿನ ಮಕ್ಕಳು ನ್ಯೂಜೆರ್ಸಿಯವರೆಗೆ ಹಾರಬೇಕು. ಮರುದಿನ ಪರೀಕ್ಷೆಯಿರುವ ವಾಲಿಬಾಲ್ ಹುಡುಗಿಗೆ ಅದು ಎಂಥ ಸುಖ ಹೇಳು.

ಈಗ ತಂಗಿಗೆ. ಬೇರೆ ವಿಶ್ವವಿದ್ಯಾಲಯದ ಕೋಚ್‌ಗಳಿಗೆ ಬರೆಯಲಿ. ಎಷ್ಟು ಸ್ಕಾಲರ್‌ಶಿಪ್ ಎಂದು ಕೇಳುವ ಮುಂಚೆ ಇಷ್ಟು ಕೇಳಲಿ: ಎಸೆತಕ್ಕೇ ಬೇರೆ ಕೋಚ್ ಇದ್ದಾರೆಯೇ, ಕಾನ್ಫರೆನ್ಸ್ ಬದಲಾಗುವ ಮಾತಿದೆಯೇ, ಅವಳ ವಿಭಾಗ ನಿಂತುಹೋದರೆ ಪದವಿ ಮುಗಿಯುವವರೆಗೆ ಸ್ಕಾಲರ್‌ಶಿಪ್ ಉಳಿಯುತ್ತದೆಯೇ. ಕೊನೆಯದಕ್ಕೆ ಉತ್ತರ ಬರಹದಲ್ಲಿ ಬರಲಿ. 2025ರ ಜೂನಿನ ಕೋರ್ಟ್ ಒಪ್ಪಂದದಿಂದ ಆಟಗಾರರಿಗೆ ವಿಶ್ವವಿದ್ಯಾಲಯವೇ ಹಣ ಕೊಡಬಹುದಾಗಿದೆ. ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳದೆ ಅಂಥ ಒಂದು ಡಾಲರನ್ನೂ ಮುಟ್ಟಬಾರದು. ವೀಸಾಕ್ಕೇ ಕುತ್ತು ಬರಬಹುದು.

ಅವಳು ಎಸೆದ ದೂರ, ಯಾವ ಕೂಟ, ಯಾವ ವರ್ಷ, ಎಲ್ಲ ಬರೆದು ಕಳಿಸು, ವಿಡಿಯೊ ಇದ್ದರೆ ಅದೂ ಇರಲಿ. ಕೋಚ್‌ಗಳಿಗೆ ಪತ್ರ ಬರೆಯಲು ಈ ಭಾನುವಾರ ನಾನೇ ಅವಳ ಜೊತೆ ಕೂರುತ್ತೇನೆ.