ಉಂಡ ಮನೆಯ ಜಂತೆ

ತೀರ್ಥಹಳ್ಳಿಯ ನಿವೃತ್ತ ಉಪಾಧ್ಯಾಯರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು: "ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ. ಅಳಿಯ ದುಭಾಷಿಯಾಗಿ ನಿಲ್ಲುತ್ತಿದ್ದರಿಂದ ಬೇಲಿಯ ಆಚೀಚೆ ನಿಂತು ಹರಟುತ್ತಿದ್ದೆವು. ಚಿಕ್ಕಂದಿನಲ್ಲಿ ಅಮೆರಿಕದ ಸೈನಿಕರು ಕೊಟ್ಟ ಚೂಯಿಂಗ್ ಗಮ್ ನೆನೆದರೆ ಅವರ ಮುಖ ಅರಳುತ್ತದೆ, ಟಿ.ವಿ.ಯಲ್ಲಿ ಟ್ರಂಪ್ ಕಂಡರೆ ಹಲ್ಲು ಕಡಿಯುತ್ತಾರೆ. ಅಮೆರಿಕದವರು ತಮಗೆ ಬೇಕಾದವರನ್ನು ಆರಿಸಿಕೊಂಡರೆ ಇವರಿಗೇನು ಸಂಕಟ? ಇಷ್ಟು ವರ್ಷ ಅವರ ಸೈನ್ಯದ ಕಾವಲಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದವರಲ್ಲವೇ? ಯುರೋಪಿನ ಎಡಪಂಥೀಯರದ್ದು ಉಂಡ ಮನೆಯ ಜಂತೆ ಎಣಿಸುವ ಬುದ್ಧಿ."

ಮೇಷ್ಟ್ರೇ,

ನಾಲ್ಕು ಹಾಳೆ, ಎರಡೂ ಮಗ್ಗುಲು ತುಂಬ ಬರೆದಿದ್ದೀರಿ. ಅಷ್ಟನ್ನೂ ಅಚ್ಚು ಹಾಕಲು ಜಾಗವಿಲ್ಲ, ಕ್ಷಮಿಸಿ. ಆದರೆ ಗಾದೆಯನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಉಂಡು ಕೈತೊಳೆದು ಹೊರಡುವ ನೆಂಟ ಜಂತೆ ಎಣಿಸಿದರೆ ಅದು ಕೃತಘ್ನತೆ, ಒಪ್ಪಿದೆ. ಅದೇ ಸೂರಿನ ಕೆಳಗೆ ದಿನಾ ಮಲಗುವವನು ಎಣಿಸಿದರೆ? ಯಾವ ಜಂತೆಗೆ ಗೆದ್ದಲು ಹಿಡಿದಿದೆಯೋ ನೋಡುತ್ತಿರುತ್ತಾನೆ, ಅಷ್ಟೆ. ನಿಮ್ಮ ಅಜ್ಜ ಈ ಎರಡನೆಯ ಬಗೆಯವರು ಎಂದು ನನ್ನ ಅನುಮಾನ.

ಮೊದಲು ಒಂದಿಷ್ಟು ಅಂಕಿ. ಜಗತ್ತಿನ ವ್ಯವಹಾರದಲ್ಲಿ ಅಮೆರಿಕದ ಅಧ್ಯಕ್ಷರು ಸರಿಯಾದದ್ದನ್ನು ಮಾಡುತ್ತಾರೆಂಬ ನಂಬಿಕೆ ನಿಮಗಿದೆಯೇ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಹಲವು ದೇಶಗಳಲ್ಲಿ ಕೇಳುತ್ತ ಬಂದಿದೆ. ಜರ್ಮನಿಯಲ್ಲಿ ಹೌದೆಂದವರು 2008ರಲ್ಲಿ, ಬುಷ್ ಅವರ ಕೊನೆಗಾಲದಲ್ಲಿ, ನೂರಕ್ಕೆ 14. ಮರುವರ್ಷ ಒಬಾಮ ಬಂದದ್ದೇ ತಡ, 93. ಅವರು ಇಳಿಯುವ ವರ್ಷವೂ 86. 2017ರಲ್ಲಿ ಟ್ರಂಪ್ ಬಂದರು, 11. 2021ರಲ್ಲಿ ಬೈಡನ್, 78. 2025ರಲ್ಲಿ ಮತ್ತೆ ಟ್ರಂಪ್, 18. ನಿಮ್ಮೂರ ತುಂಗೆ ಬೇಸಿಗೆಗೂ ಆಷಾಢಕ್ಕೂ ಏರಿಳಿಯುವ ಹಾಗೆ.

ಇದನ್ನು ನೋಡಿ ನೀವು, "ಅದೇ ಹೇಳಿದ್ದು, ಡೆಮಾಕ್ರಟರಿಗೆ ಹಾರ, ರಿಪಬ್ಲಿಕನ್ನರಿಗೆ ಚಪ್ಪಲಿ" ಎನ್ನಬಹುದು. ಹಾಗಿದ್ದರೆ ಇಸ್ರೇಲಿನ ಕಡೆ ನೋಡಿ. ಅದೇ 2025ರ ಸಮೀಕ್ಷೆಯಲ್ಲಿ ಅಲ್ಲಿ ಟ್ರಂಪ್ ಅವರನ್ನು ನಂಬಿದವರು ನೂರಕ್ಕೆ 69. ರಾಯಭಾರ ಕಚೇರಿಯನ್ನು 2018ರಲ್ಲಿ ಜೆರುಸಲೇಮಿಗೆ ತಂದವರು, ಮರುವರ್ಷ ಗೋಲನ್ ಬೆಟ್ಟಗಳು ಇಸ್ರೇಲಿನವೇ ಎಂದು ಒಪ್ಪಿದವರು ಅವರು. ಅವರವರ ಸೂರು, ಅವರವರ ಲೆಕ್ಕ.

ಇನ್ನು ಜರ್ಮನಿಯಲ್ಲೇ ಹಿಂದಕ್ಕೆ ಹೋದರೆ ಎಡ-ಬಲದ ಲೆಕ್ಕ ತಲೆಕೆಳಗಾಗುತ್ತದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಡೆಮಾಕ್ರಟ್ ಕಾರ್ಟರ್, ಪಶ್ಚಿಮ ಜರ್ಮನಿಯಲ್ಲಿ ಎಡಪಕ್ಷವಾದ ಸೋಷಿಯಲ್ ಡೆಮಾಕ್ರಟರ ಚಾನ್ಸಲರ್ ಹೆಲ್ಮುಟ್ ಷ್ಮಿಟ್. ಪಂಥ ನೋಡಿದರೆ ಬೀಗರಂತೆ ಇರಬೇಕಿತ್ತು. ಮುಖ್ಯವಾಗಿ ವಿಕಿರಣದಿಂದ ಜನರನ್ನು ಕೊಲ್ಲುವ ನ್ಯೂಟ್ರಾನ್ ಬಾಂಬನ್ನು ನಿಮ್ಮ ನೆಲದಲ್ಲಿ ಇಡಲು ಒಪ್ಪಿ ಎಂದು ಕಾರ್ಟರ್ ಸರ್ಕಾರ ದುಂಬಾಲು ಬಿತ್ತು. ಷ್ಮಿಟ್ ಸ್ವಂತ ಪಕ್ಷದವರ ಬೈಗುಳ ತಿಂದು, ಷರತ್ತು ಹಾಕಿ, ಅಂತೂ ಒಪ್ಪಿದರು. 1978ರ ಏಪ್ರಿಲ್‌ನಲ್ಲಿ ಕಾರ್ಟರ್ ಮನಸ್ಸು ಬದಲಿಸಿ ಆ ಬಾಂಬಿನ ತಯಾರಿಕೆಯನ್ನೇ ಮುಂದೂಡಿಬಿಟ್ಟರು. ಏಣಿ ಹತ್ತಿಸಿ ಏಣಿ ತೆಗೆದರು ಎಂಬ ಸಿಟ್ಟು ಷ್ಮಿಟ್‌ಗೆ ಕೊನೆಯವರೆಗೂ ಆರಲಿಲ್ಲ. ಕಾರ್ಟರ್ ಕೆಟ್ಟವರಾಗಿದ್ದರು ಎಂದಲ್ಲ, ಅವರ ಮಾತಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ ಎಂಬುದೇ ದೂರು.

ಇಲ್ಲಿಂದ ಮುಂದಿನ ಕಥೆ ನಿಮ್ಮ ಮಗಳ ಊರಿನದ್ದೇ. ಸ್ಟುಟ್‌ಗಾರ್ಟ್‌ನ ಫೈಹಿಂಗನ್ ಭಾಗದಲ್ಲಿ ಪ್ಯಾಚ್ ಬ್ಯಾರಕ್ಸ್ ಎಂಬ ಸೇನಾ ನೆಲೆಯಿದೆ. ಯುರೋಪಿನಲ್ಲಿರುವ ಅಮೆರಿಕದ ಪಡೆಗಳಿಗೆಲ್ಲ 1967ರಿಂದ ಅದೇ ಮುಖ್ಯ ಕಚೇರಿ. ಊರಿನಿಂದ ಪೂರ್ವಕ್ಕೆ ಐವತ್ತು ಕಿಲೋಮೀಟರ್ ಸುಮಾರಿನಲ್ಲಿ ಮುಟ್ಲಾಂಗನ್ ಎಂಬ ಸಣ್ಣ ಊರು. ರೇಗನ್ ಕಾಲದಲ್ಲಿ ಪರ್ಷಿಂಗ್-2 ಅಣ್ವಸ್ತ್ರ ಕ್ಷಿಪಣಿಗಳು ಬಂದು ಕೂತದ್ದು ಅಲ್ಲಿ. ಯುದ್ಧವಾದರೆ ರಷ್ಯನ್ನರು ಮೊದಲು ಗುರಿಯಿಡುವುದು ಎಲ್ಲಿಗೆಂದು ಸುತ್ತಲಿನ ರೈತರಿಗೂ ಗೊತ್ತಿತ್ತು. ಗುಂಡಿ ಒತ್ತುವ ಬೆರಳು ವಾಷಿಂಗ್ಟನ್ನಿನದು, ಉರಿಯುವ ಕೊಟ್ಟಿಗೆ ಇವರದು. 1983ರ ಅಕ್ಟೋಬರ್ 22ರಂದು ಸ್ಟುಟ್‌ಗಾರ್ಟ್‌ನ ಆ ಸೇನಾ ಕಚೇರಿಯಿಂದ ನೋಯ್-ಉಲ್ಮ್‌ನ ಅಮೆರಿಕನ್ ನೆಲೆಯವರೆಗೆ 108 ಕಿಲೋಮೀಟರ್ ಉದ್ದಕ್ಕೂ ಜನ ಕೈ ಕೈ ಹಿಡಿದು ನಿಂತರು. ಎರಡು ಲಕ್ಷಕ್ಕೂ ಮೇಲ್ಪಟ್ಟ ಜನ. ಸರಪಳಿಯಲ್ಲಿ ಎಡದವರಷ್ಟೇ ಇರಲಿಲ್ಲ. ಚರ್ಚಿನವರು, ಮಕ್ಕಳನ್ನು ಕಟ್ಟಿಕೊಂಡು ಬಂದ ಗೃಹಸ್ಥರು ಇದ್ದರು. ಆದರೂ ಕ್ಷಿಪಣಿಗಳು ಬಂದವು. 1985ರ ಜನವರಿಯಲ್ಲಿ ಸ್ಟುಟ್‌ಗಾರ್ಟ್‌ನ ಉತ್ತರಕ್ಕಿರುವ ಹೈಲ್‌ಬ್ರಾನ್ ಬಳಿ ಅಂಥದೇ ಒಂದು ಕ್ಷಿಪಣಿಯ ಎಂಜಿನ್ ಭಾಗಕ್ಕೆ ಬೆಂಕಿ ತಗುಲಿ ಮೂವರು ಅಮೆರಿಕನ್ ಸೈನಿಕರು ಸತ್ತರು. ಅಣ್ವಸ್ತ್ರ ಅದಕ್ಕೆ ಜೋಡಿಸಿರಲಿಲ್ಲ, ಬಚಾವು. ಆಗ ನಿಮ್ಮ ಅಜ್ಜನಿಗೆ ನಲವತ್ತರ ಆಸುಪಾಸು. ಚೂಯಿಂಗ್ ಗಮ್ ಕೊಟ್ಟವರ ದೇಶದ ಅಧ್ಯಕ್ಷ ಯಾರೆಂಬುದು ಅವರಿಗೆ ಮನೆಯ ಮಾಡಿನ ವಿಷಯವಾದದ್ದು ಹೀಗೆ.

ಇಲ್ಲಿ ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ಆ ಕ್ಷಿಪಣಿ ಬರಲು ದಾರಿ ಮಾಡಿದ 1979ರ ನೇಟೊ (ಅಮೆರಿಕ ಮತ್ತು ಯುರೋಪ್ ದೇಶಗಳ ಸೇನಾ ಒಕ್ಕೂಟ) ನಿರ್ಧಾರಕ್ಕೆ ಒತ್ತಾಸೆಯಾಗಿದ್ದವರಲ್ಲಿ ಷ್ಮಿಟ್ ಅವರೇ ಮೊದಲಿಗರು. ಊರೆಲ್ಲ ಶಾಪ ಹಾಕಿದ್ದು ರೇಗನ್ನರಿಗೆ. ಅದೇ ರೇಗನ್ 1987ರ ಡಿಸೆಂಬರ್‌ನಲ್ಲಿ ಗೋರ್ಬಚೇವ್ ಜೊತೆ ಕೂತು, ಆ ಜಾತಿಯ ಕ್ಷಿಪಣಿಗಳೇ ಇರದಂತೆ ಸಹಿ ಹಾಕಿದರು. ಸರಪಳಿಯಲ್ಲಿ ನಿಂತ ಎಷ್ಟು ಜನ ಆಮೇಲೆ ಅವರಿಗೆ ಕೈ ಮುಗಿದರೋ!

ದುಡ್ಡಿನ ವಿಷಯದಲ್ಲಂತೂ ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಒಟ್ಟು ಉತ್ಪನ್ನದ ಶೇ 2ರಷ್ಟನ್ನು ರಕ್ಷಣೆಗೆ ಎತ್ತಿಡುವತ್ತ ಸಾಗುತ್ತೇವೆಂದು ನೇಟೊ ದೇಶಗಳು 2014ರಲ್ಲಿ ಒಪ್ಪಿದವು. ಜರ್ಮನಿ ಆ ಗೆರೆ ಮುಟ್ಟಿದ್ದು 2024ರಲ್ಲಿ, ಅದೂ ಉಕ್ರೇನಿನ ಮೇಲೆ ಯುದ್ಧ ಬಿದ್ದ ಮೇಲೆ. ಇದನ್ನು ಟ್ರಂಪ್ ಮಾತ್ರ ಎತ್ತಿ ಆಡಿದ್ದಲ್ಲ. ಒಬಾಮ ಅವರ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ 2011ರಲ್ಲೇ ಬ್ರಸೆಲ್ಸ್‌ಗೆ ಹೋಗಿ ಮುಖಕ್ಕೆ ಹೊಡೆದಂತೆ ಹೇಳಿದ್ದರು. ಬಿಟ್ಟಿ ಸವಾರಿಯವರನ್ನು ಕಂಡರೆ ತಮಗೆ ರೇಗುತ್ತದೆಂದು ಒಬಾಮ ಅವರೂ 2016ರಲ್ಲಿ ಅಂದರು. ಆದರೂ ಜರ್ಮನರು ಅವರಿಗೆ ನೂರಕ್ಕೆ 86 ಕೊಟ್ಟರು. ಬೈಸಿಕೊಂಡದ್ದಕ್ಕೇ ಮುನಿಸಿಕೊಳ್ಳುವ ಜನವಾಗಿದ್ದರೆ ಅಷ್ಟು ಕೊಡುತ್ತಿರಲಿಲ್ಲ.

ಮುಂದಿನ ಸಲ ಹೋದಾಗ ರೈಲು ಹತ್ತಿ ಬರ್ಲಿನ್ನಿಗೆ ಹೋಗಿ ಬನ್ನಿ. ಬ್ರಾಂಡೆನ್‌ಬುರ್ಗ್ ಹೆಬ್ಬಾಗಿಲಿನಿಂದ ವಿಜಯಸ್ತಂಭದವರೆಗೆ ನೆಟ್ಟಗೆ ಒಂದು ಅಗಲ ಬೀದಿ, ಎರಡು ಕಿಲೋಮೀಟರ್ ಸುಮಾರು. 2001ರ ಸೆಪ್ಟೆಂಬರ್ 14ರಂದು, ನ್ಯೂಯಾರ್ಕಿನ ಗೋಪುರಗಳು ಬಿದ್ದ ಮೂರನೆಯ ದಿನ, ಆ ಹೆಬ್ಬಾಗಿಲ ಮುಂದೆ ಎರಡು ಲಕ್ಷ ಜನ ಅಮೆರಿಕದ ದುಃಖದಲ್ಲಿ ಪಾಲುಗೊಂಡು ನಿಂತಿದ್ದರು. ಹದಿನೇಳು ತಿಂಗಳು ಕಳೆದು, 2003ರ ಫೆಬ್ರವರಿ 15ರಂದು, ಅದೇ ಬೀದಿಯಲ್ಲಿ ಐದು ಲಕ್ಷ ಜನ, ಇರಾಕ್ ಮೇಲೆ ಯುದ್ಧ ಬೇಡವೆಂದು. 2008ರ ಜುಲೈನಲ್ಲಿ ಬೀದಿಯ ಆ ತುದಿಯಲ್ಲಿ ಎರಡು ಲಕ್ಷ ಜನ, ಇನ್ನೂ ಅಧ್ಯಕ್ಷರೂ ಆಗಿರದ ಒಬಾಮ ಅವರ ಮಾತು ಕೇಳಲು. (ನಮ್ಮಲ್ಲಿ ಅಷ್ಟು ಜನ ಸೇರಬೇಕಾದರೆ ಬಸ್ಸು, ಬಿರಿಯಾನಿ ಎಲ್ಲ ಆಗಬೇಕು.) ಜನ ಬಹುಮಟ್ಟಿಗೆ ಅವರೇ. ಅಮೆರಿಕವೂ ಅದೇ. ಬದಲಾದದ್ದು ಎದುರಿಗಿದ್ದ ಮನುಷ್ಯ, ಇಲ್ಲವೇ ಅವನ ಕೈಯಲ್ಲಿದ್ದ ಕೆಲಸ. ಉಂಡ ಋಣದ ಬಗ್ಗೆ ಹೇಳುವುದಾದರೆ, ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ ಎಂಬ ನೇಟೊದ ಐದನೆಯ ವಿಧಿಯನ್ನು ಇದುವರೆಗೆ ಜಾರಿಗೆ ತಂದದ್ದು ಒಂದೇ ಸಲ, ಅಮೆರಿಕಕ್ಕಾಗಿ. ಅದರ ಬೆನ್ನಿಗೆ ಅಫ್ಘಾನಿಸ್ತಾನಕ್ಕೆ ಹೋದ ಜರ್ಮನ್ ಸೈನಿಕರಲ್ಲಿ 59 ಮಂದಿ ಸತ್ತರು.

ಈಗ ಟ್ರಂಪ್ ಕಂಡರೆ ಹಲ್ಲು ಕಡಿಯುವ ವಿಚಾರ. 2020ರ ಬೇಸಿಗೆಯಲ್ಲಿ ಅವರ ಸರ್ಕಾರ ಜರ್ಮನಿಯಿಂದ 12 ಸಾವಿರ ಸೈನಿಕರನ್ನು ಹೊರಕ್ಕೆ ಸಾಗಿಸುವುದಾಗಿ ಸಾರಿತು. ಸ್ಟುಟ್‌ಗಾರ್ಟ್‌ನ ಆ ಮುಖ್ಯ ಕಚೇರಿಯೂ ಬೆಲ್ಜಿಯಮ್ಮಿಗೆ ಹೋಗಬೇಕಿತ್ತು. ಮರುವರ್ಷ ಬೈಡನ್ ಬಂದು ತಡೆದರು. ಹೋಗುತ್ತಾರೋ ಇರುತ್ತಾರೋ ನಾಲ್ಕು ವರ್ಷಕ್ಕೊಮ್ಮೆ ಇನ್ನೊಂದು ದೇಶದ ಮತಪೆಟ್ಟಿಗೆ ಹೇಳಬೇಕು. ನಿಮ್ಮ ಅಜ್ಜನಿಗೆ ಅಲ್ಲಿ ಓಟಿಲ್ಲ. ಇರುವುದು ಟಿ.ವಿ. ಮತ್ತು ಬೇಲಿಯಾಚೆ ಬಂದು ನಿಲ್ಲುವ ನೀವು.

ಇದು ಎಡಪಂಥೀಯರ ಕಾಯಿಲೆಯೆಂದು ಇನ್ನೂ ಅನಿಸಿದರೆ ಫ್ರೀಡ್ರಿಕ್ ಮೆರ್ಟ್ಸ್ ಅವರನ್ನು ನೋಡಿ. ಜರ್ಮನಿಯ ಬಲಪಂಥದ ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷದ ನಾಯಕ. ಅಮೆರಿಕದ ಬ್ಲ್ಯಾಕ್‌ರಾಕ್ ಕಂಪನಿಯ ಜರ್ಮನ್ ಶಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಅಮೆರಿಕ-ಜರ್ಮನಿ ಸ್ನೇಹಕ್ಕೆಂದೇ ಇರುವ ಸಂಸ್ಥೆಯನ್ನು ಹತ್ತು ವರ್ಷ ನಡೆಸಿದವರು. 2025ರ ಫೆಬ್ರವರಿ 23ರ ರಾತ್ರಿ ಚುನಾವಣೆ ಗೆದ್ದು ಟಿ.ವಿ. ಮುಂದೆ ಕೂತವರು, ಯುರೋಪನ್ನು ಬೇಗ ಬಲಪಡಿಸಿ ಹಂತಹಂತವಾಗಿ ಅಮೆರಿಕದ ಹಂಗಿನಿಂದ ಹೊರಬರುವುದೇ ತಮ್ಮ ಮೊದಲ ಕೆಲಸ ಎಂದರು. ಇಂಥ ಮಾತು ಟಿ.ವಿ.ಯಲ್ಲಿ ಆಡುತ್ತೇನೆಂದು ತಾವೇ ಅಂದುಕೊಂಡಿರಲಿಲ್ಲ ಎಂದೂ ಸೇರಿಸಿದರು. ಮರುತಿಂಗಳೇ ಸಂವಿಧಾನ ತಿದ್ದಿ, ರಕ್ಷಣೆಗಾಗಿ ಸಾಲ ಎತ್ತಲು ಇದ್ದ ಕಟ್ಟುಪಾಡು ಸಡಿಲಿಸಲಾಯಿತು. ಸಾಲವೆಂದರೆ ಪಾಪವೆಂದು ನಂಬಿದ ದೇಶ ಅದು. ಟ್ರಂಪ್ ಕೇಳಿದ್ದೂ ಇದನ್ನೇ ತಾನೆ, ಖರ್ಚು ಮಾಡಿ ಎಂದು. ಅವರು ಮಾಡಿಸಿದರು, ನಂಬಿಕೆ ಮಾತ್ರ 18ಕ್ಕೆ ನಿಂತಿತು.

ಅಂದಹಾಗೆ, ಮುಂದಿನ ಸಲ ಬೇಲಿಯ ಹತ್ತಿರ ನಿಂತಾಗ ಟ್ರಂಪ್ ಸುದ್ದಿ ಬಿಡಿ. 1983ರ ಅಕ್ಟೋಬರ್ 22, ಶನಿವಾರ, ಎಲ್ಲಿದ್ದಿರಿ ಎಂದು ಅಜ್ಜನನ್ನು ಕೇಳಿ ನೋಡಿ. ಏನಂದರೆಂದು ನಮಗೂ ಬರೆಯಿರಿ. ಎರಡು ಹಾಳೆಯಲ್ಲಿ ಮುಗಿಸಿದರೆ ಪೂರ್ತಿ ಅಚ್ಚು ಹಾಕುತ್ತೇವೆ.

— ಸಂ.