ಮೂರನೆಯವನು ಹೋದ, 262ನೆಯವನು ನಿಂತ: ಡ್ರಾಫ್ಟ್ ಜಾಣತನ ಅಳೆಯುವುದು ಹೇಗೆ?

ಪ್ರಶ್ನೆ: ಸಾಂತಾ ಕ್ಲಾರಾದಲ್ಲಿ ನೆಲೆಸಿ ಹಲವು ವರ್ಷವಾಯಿತು. ಮಗನ ದೆಸೆಯಿಂದ ನನಗೂ ಅಮೆರಿಕನ್ ಫುಟ್‌ಬಾಲ್ ನೋಡುವ ಚಟ ಹತ್ತಿದೆ. ಫಾರ್ಟಿನೈನರ್ಸ್ ತಂಡದ ಜನರಲ್ ಮ್ಯಾನೇಜರ್ ಜಾನ್ ಲಿಂಚ್ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ) ಪಂಟರು, ಕಟ್ಟಕಡೆಯ ಪಿಕ್‌ನಲ್ಲಿ, ಅಂದರೆ ಸರದಿಯಲ್ಲಿ, ಬ್ರಾಕ್ ಪರ್ಡಿಯನ್ನು ಹಿಡಿದರು ಅಂತ ಮಗನ ವಾದ. ಟ್ರೇ ಲಾನ್ಸ್‌ಗಾಗಿ ಮೂರು ಮೊದಲ ಸುತ್ತಿನ ಪಿಕ್ ಸುರಿದವರನ್ನು ಪಂಟರು ಅನ್ನುವುದೇ ತಮಾಷೆ ಅಂತ ಭಾವಮೈದುನ. ಐಪಿಎಲ್ ಹರಾಜು ನೋಡಿ ಅಭ್ಯಾಸವಾದ ನಾನು ಯಾರ ಪರ ನಿಲ್ಲಲಿ?

ಉತ್ತರ: ಸದ್ಯಕ್ಕೆ ಯಾರ ಪರವೂ ಬೇಡ. ಇಬ್ಬರೂ ಒಬ್ಬೊಬ್ಬ ಆಟಗಾರನನ್ನು ಹಿಡಿದುಕೊಂಡು ಜಗಳಕ್ಕೆ ನಿಂತಿದ್ದಾರೆ. ಹಾಗೆ ನಿಂತರೆ ಯಾವ ತಂಡವನ್ನು ಬೇಕಾದರೂ ಜಾಣ ಅನ್ನಬಹುದು, ಪೆದ್ದ ಅಂತಲೂ ಅನ್ನಬಹುದು.

ಮೊದಲು ಐಪಿಎಲ್ ಹರಾಜನ್ನು ಪಕ್ಕಕ್ಕಿಡಿ. ಅಲ್ಲಿ ದುಡ್ಡು ಉಳಿದಿದ್ದರೆ ಯಾವ ಆಟಗಾರನಿಗಾದರೂ ಕೈ ಎತ್ತಬಹುದು. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ಚಲಾವಣೆಯಾಗುವುದು ದುಡ್ಡಲ್ಲ, ಸರದಿ. 32 ತಂಡ, ಏಳು ಸುತ್ತು. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ, ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದವರಿಗೆ ಸುತ್ತಿನ ಕೊನೆಯದು. ಸರದಿಯನ್ನು ಮಾರಬಹುದು, ಕೊಳ್ಳಬಹುದು, ಮುಂದಿನ ವರ್ಷಗಳದ್ದನ್ನೂ ಈಗಲೇ ಬಿಟ್ಟುಕೊಡಬಹುದು. ಆದ್ದರಿಂದ ಒಳ್ಳೆಯ ಆಟಗಾರ ಸಿಕ್ಕನೇ ಅಂತ ಕೇಳಿದರೆ ಸಾಲದು. ಎಷ್ಟನೇ ಸರದಿಗೆ ಸಿಕ್ಕ, ಆ ಸರದಿಗೆ ಸಾಮಾನ್ಯವಾಗಿ ಎಂಥವನು ಸಿಗುತ್ತಾನೆ ಅಂತಲೂ ಕೇಳಬೇಕು. 2019ರಲ್ಲಿ ಫಾರ್ಟಿನೈನರ್ಸ್‌ಗೆ ಎರಡನೇ ಸರದಿಗೆ ನಿಕ್ ಬೋಸಾ ಸಿಕ್ಕಿದ್ದು ಚಿನ್ನದಂಗಡಿಯಲ್ಲಿ ಚಿನ್ನ ಸಿಕ್ಕ ಹಾಗೆ. 2017ರಲ್ಲಿ 146ನೇ ಸರದಿಗೆ ಜಾರ್ಜ್ ಕಿಟ್ಲ್ ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ ಸಿಕ್ಕ ಚಿನ್ನ.

ಸರದಿಗಳಿಗೆ ಒಂದು ಬೆಲೆಪಟ್ಟಿಯೂ ಇದೆ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಕೋಚ್ ಜಿಮ್ಮಿ ಜಾನ್ಸನ್ ಕಾಲದಲ್ಲಿ ಚಾಲ್ತಿಗೆ ಬಂದದ್ದು. ಮೊದಲ ಸರದಿಗೆ 3000 ಅಂಕ, ಎರಡಕ್ಕೆ 2600, ಮೂರಕ್ಕೆ 2200, ಹನ್ನೆರಡಕ್ಕೆ 1200, ಮೊದಲ ಸುತ್ತಿನ ಕೊನೆಯದಕ್ಕೆ 590. ಈ ಪಟ್ಟಿ ಹಿಡಿದು ಲಾನ್ಸ್ ವ್ಯವಹಾರವನ್ನೇ ನೋಡೋಣ. 2021ರಲ್ಲಿ ಫಾರ್ಟಿನೈನರ್ಸ್ 12ನೇ ಸರದಿಯಿಂದ 3ಕ್ಕೆ ಏರಿತು. ತುಂಬಬೇಕಾದ ಅಂತರ 1000 ಅಂಕ. ತನ್ನ 12ರ ಜೊತೆಗೆ ಮಯಾಮಿಗೆ ಕೊಟ್ಟದ್ದು 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳು, ಮೇಲೊಂದು ಮೂರನೇ ಸುತ್ತಿನದು. ತಂಡ ಚೆನ್ನಾಗಿ ಆಡಿದ್ದರಿಂದ ಆ ಎರಡೂ ಮೊದಲ ಸುತ್ತಿನ ಸರದಿಗಳು 29ನೇ ಸ್ಥಾನಕ್ಕೆ ಬಂದು ನಿಂತವು. ಪಟ್ಟಿಯಲ್ಲಿ 29ಕ್ಕೆ 640 ಅಂಕ. ಅಂದರೆ ಸಾವಿರದ ಮಾಲಿಗೆ 1280ರ ಮೇಲೆ ಸ್ವಲ್ಪ ಚಿಲ್ಲರೆ. ದುಬಾರಿ ಹೌದು, ಆದರೆ ಭಾವಮೈದುನ ಹೇಳುವಂತೆ ಮನೆ ಮಾರಿಕೊಂಡ ವ್ಯವಹಾರವಲ್ಲ.

ಎಡವಿದ್ದು ಆಮೇಲೆ. ಲಾನ್ಸ್ ಆ ತಂಡದ ಪರವಾಗಿ ಮೊದಲಿಂದ ಕಣಕ್ಕಿಳಿದದ್ದು ನಾಲ್ಕೇ ಪಂದ್ಯ. 2022ರ ಎರಡನೇ ಪಂದ್ಯದಲ್ಲಿ ಪಾದದ ಕೀಲು ಮುರಿಯಿತು. 2023ರ ಆಗಸ್ಟ್‌ನಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಅವನನ್ನು ಡಲ್ಲಾಸ್‌ಗೆ ಕೊಟ್ಟು ಕೈತೊಳೆದುಕೊಂಡರು. ಕೀಲು ಮುರಿದದ್ದನ್ನು ಲಿಂಚ್ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಕಾಲೇಜಿನಲ್ಲಿ ಒಂದೇ ಒಂದು ಪೂರ್ತಿ ಹಂಗಾಮು ಆಡಿದ, 2020ರಲ್ಲಿ ಒಂದೇ ಪಂದ್ಯ ಕಂಡ ಹುಡುಗನ ಮೇಲೆ ಅಷ್ಟನ್ನು ಪಣಕ್ಕಿಟ್ಟದ್ದು ಅವರದೇ ತೀರ್ಮಾನ. ಆ ತೀರ್ಮಾನಕ್ಕೆ ಅಂಕ ಕಳೆಯಿರಿ, ಗಾಯಕ್ಕೆ ಬೇಡ.

ಈಗ ಮಗನ ಪಕ್ಷ. 2022ರ ಡ್ರಾಫ್ಟ್‌ನಲ್ಲಿ ಪರ್ಡಿ 262ನೆಯವನು, ಅವನ ಹಿಂದೆ ಯಾರೂ ಇಲ್ಲ. ಆ ವರ್ಷ ಫಾರ್ಟಿನೈನರ್ಸ್‌ಗೆ ಒಟ್ಟು ಒಂಬತ್ತು ಸರದಿ ಇದ್ದವು, ಪರ್ಡಿ ಒಂಬತ್ತನೆಯದು. ಅವನು ಇಷ್ಟು ದೊಡ್ಡ ಆಟಗಾರನಾಗುತ್ತಾನೆ ಅಂತ ಗೊತ್ತಿದ್ದರೆ ಎಂಟು ಸಲ ಅವನನ್ನು ದಾಟಿ ಬೇರೆಯವರನ್ನು ಕರೆಯುತ್ತಿದ್ದರೇ? 2000ದಲ್ಲಿ, ಮುಂದೆ ದಂತಕಥೆಯಾದ ಟಾಮ್ ಬ್ರೇಡಿಯನ್ನು 199ನೇ ಸರದಿಗೆ ಆರಿಸಿದ ನ್ಯೂ ಇಂಗ್ಲೆಂಡ್ ತಂಡ ಕೂಡ ಅದಕ್ಕೆ ಮೊದಲು ಆರು ಮಂದಿಯನ್ನು ಕರೆದಿತ್ತು. ಇಂಥ ಕಥೆಗಳಲ್ಲಿ ಆರಿಸಿದವನ ಕಣ್ಣಿಗೆ ಸಲ್ಲಬೇಕಾದ ಪಾಲು ನಾವು ಕೊಡುವುದಕ್ಕಿಂತ ಕಡಿಮೆ.

ಪರ್ಡಿ ವಿಷಯದಲ್ಲಿ ಲಿಂಚ್‌ಗೆ ನಾನು ಕೊಡುವ ಶಹಬ್ಬಾಸ್ ಬೇರೆಯದಕ್ಕೆ. ಮೊದಲ ಸುತ್ತಿನ ಸರದಿಯೇ ಇಲ್ಲದ ವರ್ಷದಲ್ಲೂ ಒಂಬತ್ತು ಸರದಿ ಕೈಯಲ್ಲಿತ್ತು. 262ನೆಯದು ಪರಿಹಾರವಾಗಿ ಬಂದ ಸರದಿ: ಒಪ್ಪಂದ ಮುಗಿದ ಆಟಗಾರರನ್ನು ಬೇರೆ ತಂಡಗಳಿಗೆ ಕಳೆದುಕೊಂಡವರಿಗೆ ಲೀಗ್ ಸುತ್ತಿನ ಕೊನೆಯಲ್ಲಿ ಹೆಚ್ಚುವರಿಯಾಗಿ ಕೊಡುವಂಥದ್ದು. ಅದನ್ನು ಬೇಡದ ಮಾಲು ಅಂತ ಎಸೆಯದೆ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡೆಸೆದು ಆಕ್ರಮಣ ನಡೆಸುವ ಆಟಗಾರ) ಕರೆದರಲ್ಲ, ಅದು ಪದ್ಧತಿ. ಅವನು ಪರ್ಡಿಯಾದದ್ದು ಅದೃಷ್ಟ.

ಹೀಗನ್ನಲು ಆಧಾರವಿದೆ. ಕೇಡ್ ಮ್ಯಾಸಿ ಮತ್ತು 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಇಬ್ಬರೂ ಕೂಡಿ ಡ್ರಾಫ್ಟ್ ಲೆಕ್ಕ ಜಾಲಾಡಿದ್ದಾರೆ. ಒಂದೇ ಸ್ಥಾನಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ನಂತರ ಆಯ್ಕೆಯಾದವನಿಗಿಂತ ಮೇಲು ಅಂತ ಸಾಬೀತಾಗುವುದು ನೂರಕ್ಕೆ 52ರ ಆಸುಪಾಸು. ನಾಣ್ಯ ಚಿಮ್ಮಿದರೆ 50. ಪ್ರತಿಭೆ ಹುಡುಕುವ ಸ್ಕೌಟ್‌ಗಳು, ಓಟದ ಪರೀಕ್ಷೆ, ಸಂದರ್ಶನ ಎಲ್ಲ ಸೇರಿ ಗಳಿಸಿದ್ದು ಅಷ್ಟು. ಮೇಲಿನ ಸರದಿಗಳಿಗೆ ತಂಡಗಳು ಅತಿ ಬೆಲೆ ಕಟ್ಟುತ್ತವೆ ಅನ್ನುವುದೂ ಅವರ ಮಾತು. ನನ್ನ ಪ್ರಕಾರ ಚೆನ್ನಾಗಿ ಡ್ರಾಫ್ಟ್ ಮಾಡುವ ತಂಡ ಅಂದರೆ ದಿವ್ಯದೃಷ್ಟಿಯ ತಂಡವಲ್ಲ. ಮೇಲಿನ ಒಂದು ಸರದಿ ಮಾರಿ ಕೆಳಗಿನ ಮೂರು ಕೊಳ್ಳುವ, ಹೆಚ್ಚು ಸಲ ದಾಳ ಹಾಕುವ ತಂಡ.

ಅದಕ್ಕೂ ಫಾರ್ಟಿನೈನರ್ಸ್‌ನಲ್ಲೇ ಉದಾಹರಣೆ ಇದೆ. 2017ರಲ್ಲಿ, ಲಿಂಚ್ ಅವರ ಮೊದಲ ಡ್ರಾಫ್ಟ್‌ನಲ್ಲಿ, ಶಿಕಾಗೊ ಬೇರ್ಸ್ 3ರಿಂದ 2ಕ್ಕೆ, ಒಂದೇ ಮೆಟ್ಟಿಲು ಏರಲು ಬಂತು. ಅವರಿಗೆ ಕ್ವಾರ್ಟರ್‌ಬ್ಯಾಕ್ ಮಿಚ್ ಟ್ರುಬಿಸ್ಕಿ ಬೇಕಿತ್ತು. ಲಿಂಚ್ ಒಂದು ಮೆಟ್ಟಿಲು ಇಳಿದು 67, 111 ಮತ್ತು ಮರುವರ್ಷದ ಮೂರನೇ ಸುತ್ತಿನ ಸರದಿ ಇಸಿದುಕೊಂಡರು. ಒಳ್ಳೆಯ ವ್ಯಾಪಾರ. ಆಮೇಲೆ ಆ 3ನೇ ಸರದಿಯಲ್ಲಿ ಕರೆದದ್ದು ಅಷ್ಟೇನೂ ಮಿಂಚದ ಸಾಲಮನ್ ಥಾಮಸ್‌ನನ್ನು. ಮುಂದೆ ಲೀಗ್‌ನ ದೊಡ್ಡ ಕ್ವಾರ್ಟರ್‌ಬ್ಯಾಕ್ ಆದ ಪ್ಯಾಟ್ರಿಕ್ ಮಹೋಮ್ಸ್ 10ರವರೆಗೂ ಕಾದಿದ್ದ. 67ನ್ನು ನ್ಯೂ ಆರ್ಲಿನ್ಸ್‌ಗೆ ಮಾರಿದರು, ಅವರು ಅದರಲ್ಲಿ ಆಲ್ವಿನ್ ಕಮಾರಾನನ್ನು ಕರೆದರು, ಅವನು ಆ ವರ್ಷವೇ ಆಕ್ರಮಣ ವಿಭಾಗದ ಅತ್ಯುತ್ತಮ ಹೊಸಬನಾದ. ಇಷ್ಟಕ್ಕೇ ಪುಸ್ತಕ ಮುಚ್ಚಿದ್ದರೆ ಸೊನ್ನೆ ಹಾಕಬೇಕಿತ್ತು. ಆದರೆ ಮರುವರ್ಷದ ಆ ಮೂರನೇ ಸುತ್ತಿನ ಸರದಿ 70ನೆಯದಾಗಿ ಬಂತು, ಅದರಲ್ಲಿ ಸಿಕ್ಕವನು ಫ್ರೆಡ್ ವಾರ್ನರ್. ಇವತ್ತು ಅವನಿಲ್ಲದ ಆ ತಂಡದ ರಕ್ಷಣಾಪಡೆಯನ್ನು ನೀವು ಊಹಿಸಿಕೊಳ್ಳಲಾರಿರಿ. ಒಂದೇ ವ್ಯವಹಾರದೊಳಗೆ ಮೋಸ ಹೋದದ್ದೂ ಇದೆ, ಲಾಭವೂ ಇದೆ.

ಇನ್ನು ಸಂಬಳ. 2010ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ. 2011ರಲ್ಲಿ ನಿಯಮ ಬದಲಾಯಿತು. ಮೊದಲಿಗ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಅಂದಿನಿಂದ ಹೊಸಬ ಚೆನ್ನಾಗಿ ಆಡಿದರೆ ತಂಡಕ್ಕೆ ಹಬ್ಬ, ಏಕೆಂದರೆ ಒಟ್ಟು ಸಂಬಳಕ್ಕೆ ಲೀಗ್ ಮಿತಿ ಹಾಕಿದೆ. ಸೂಪರ್ ಬೌಲ್‌ವರೆಗೂ ಹೋದ 2023ರ ಹಂಗಾಮಿನಲ್ಲಿ ಪರ್ಡಿಯ ಮೂಲ ಸಂಬಳ 8.7 ಲಕ್ಷ ಡಾಲರ್. 2025ರಲ್ಲಿ ಅವನು ಸಹಿ ಹಾಕಿದ್ದು ಐದು ವರ್ಷಕ್ಕೆ 26.5 ಕೋಟಿಗೆ. ನಡುವಿನ ಅಂತರವೇ ಅಗ್ಗದ ಆ ವರ್ಷಗಳಲ್ಲಿ ತಂಡಕ್ಕೆ ಉಳಿದದ್ದು. ಡ್ರಾಫ್ಟ್‌ನ ಲಾಭ ಅಂದರೆ ಬಹುಪಾಲು ಇದೇ.

ನನ್ನ ತೀರ್ಪು ಬೇಕೇ? ಮೊದಲ ಸುತ್ತಿನಲ್ಲಿ ಲಿಂಚ್ ಸಾಧಾರಣ, ಐದನೇ ಸುತ್ತಿನ ಸುತ್ತಮುತ್ತ ಗಟ್ಟಿಗ. ಕಿಟ್ಲ್, ಡ್ರೆ ಗ್ರೀನ್‌ಲಾ, ಟಲನೋವಾ ಹುಫಾಂಗ ಮೂವರೂ ಐದನೇ ಸುತ್ತಿನವರು. ಒಟ್ಟಾರೆ ಸರಾಸರಿಗಿಂತ ಮೇಲೆ, ಆದರೆ ಮಗ ಕೂರಿಸಿದಷ್ಟು ಎತ್ತರದಲ್ಲಲ್ಲ. ಭಾವಮೈದುನನಿಗೆ ಇದನ್ನು ನೀವೇ ತಿಳಿಸಿ, ನನ್ನನ್ನು ಎಳೆಯಬೇಡಿ.

ಪ್ರಶ್ನೆ: ಡ್ರಾಫ್ಟ್ ಮುಗಿದ ಮರುದಿನವೇ ತಂಡಗಳಿಗೆ ಎ, ಬಿ, ಎಫ್ ಅಂತ ಗ್ರೇಡ್ ಕೊಡುತ್ತಾರಲ್ಲ, ನಂಬಬಹುದಾ ಸರ್? (ಮೈಸೂರಿನ ವಿದ್ಯಾರ್ಥಿನಿ)

ಉತ್ತರ: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ ಅದು. ಓದಲು ಮಜಾ, ನಾನೂ ಓದುತ್ತೇನೆ. ಆ ಗ್ರೇಡ್ ಹೇಳುವುದು ಇಷ್ಟೇ: ಪತ್ರಕರ್ತರ ಪಟ್ಟಿಗೂ ತಂಡದ ಪಟ್ಟಿಗೂ ಎಷ್ಟು ತಾಳೆಯಾಯಿತು ಅಂತ. 2012ರಲ್ಲಿ ಸಿಯಾಟಲ್ ಸೀಹಾಕ್ಸ್ ಬ್ರೂಸ್ ಅರ್ವಿನ್, ಬಾಬಿ ವ್ಯಾಗ್ನರ್, ರಸೆಲ್ ವಿಲ್ಸನ್ ಮೂವರನ್ನು ಮೊದಲ ಮೂರು ಸುತ್ತಿನಲ್ಲಿ ಕರೆದಾಗ ಹಲವು ಪಟ್ಟಿಗಳಲ್ಲಿ ಆ ತಂಡ ತಳ ಸೇರಿತು. ಆರಡಿಯೂ ಇಲ್ಲದ ವಿಲ್ಸನ್ ಕ್ವಾರ್ಟರ್‌ಬ್ಯಾಕ್ ಹೇಗಾದಾನು ಅಂತ ನಗಾಡಿದರು. 2014ರ ಫೆಬ್ರವರಿಯಲ್ಲಿ ಅದೇ ತಂಡ ಡೆನ್ವರ್ ವಿರುದ್ಧ 43-8ರಲ್ಲಿ ಸೂಪರ್ ಬೌಲ್ ಗೆದ್ದಿತು.

ಹಾಗಾದರೆ ಎಷ್ಟು ಕಾಯಬೇಕು? ಮೂರು ವರ್ಷ ಅಂತ ರೂಢಿಯ ಮಾತು. ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ, ನಾನು ನಂಬಿ ಕೆಟ್ಟಿದ್ದೇನೆ. 2020ರಲ್ಲಿ ಗ್ರೀನ್ ಬೇ ಪ್ಯಾಕರ್ಸ್, ಆರನ್ ರಾಡ್ಜರ್ಸ್ ಇನ್ನೂ ಆಡುತ್ತಿರುವಾಗಲೇ, 26ನೇ ಸರದಿಗೆ ಏರಿಹೋಗಿ ಜೋರ್ಡನ್ ಲವ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಕರೆಯಿತು. ರಾಡ್ಜರ್ಸ್ 2020, 2021 ಎರಡೂ ವರ್ಷ ಲೀಗ್‌ನ ಶ್ರೇಷ್ಠ ಆಟಗಾರನಾದ. ಲವ್ ಮೂರು ವರ್ಷ ಬೆಂಚು ಕಾಯಿಸಿದ. ಸರದಿ ದಂಡವಾಯಿತು ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. 2023ರಲ್ಲಿ ಅವನ ಕೈಗೆ ಚೆಂಡು ಬಂತು, 32 ಟಚ್‌ಡೌನ್ ಪಾಸ್ ಎಸೆದ, ಪ್ಲೇಆಫ್‌ನಲ್ಲಿ ಡಲ್ಲಾಸ್ ತಂಡವನ್ನು ಅವರ ಊರಲ್ಲೇ 48-32ರಲ್ಲಿ ಬಡಿದ. ಕ್ವಾರ್ಟರ್‌ಬ್ಯಾಕ್ ಆದರೆ ಐದು ವರ್ಷ ಕಾಯಿರಿ, ಉಳಿದವರಿಗೆ ಮೂರು ನಾಲ್ಕು ಸಾಕು.

ಪ್ರಶ್ನೆ: ಕಾಲೇಜು ಪ್ರಾಜೆಕ್ಟ್‌ಗೆ ಹತ್ತು ವರ್ಷದ ಡ್ರಾಫ್ಟ್ ಲೆಕ್ಕ ಮಾಡಬೇಕೆಂದಿದ್ದೇನೆ. ಎಕ್ಸೆಲ್‌ನಲ್ಲಿ ಏನೇನು ಕಾಲಂ ಇಡಲಿ? (ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಸರದಿ ಸಂಖ್ಯೆ, ಆಡುವ ಸ್ಥಾನ, ಮೊದಲ ನಾಲ್ಕು ವರ್ಷದ ಕೊಡುಗೆ. ಕೊಡುಗೆಗೆ ಪ್ರೊ ಫುಟ್‌ಬಾಲ್ ರೆಫರೆನ್ಸ್‌ನವರ ಅಪ್ರಾಕ್ಸಿಮೇಟ್ ವ್ಯಾಲ್ಯೂ ಎಂಬ ಒಂಟಿ ಅಂಕಿ ಸಾಕು. ಒರಟು ಅಳತೆ, ಆದರೆ ಎಲ್ಲ ಸ್ಥಾನಗಳಿಗೂ ಒಂದೇ ಕೋಲು. ಎಲ್ಲ 32 ತಂಡಗಳದ್ದೂ ಸೇರಿಸಿ ಪ್ರತಿ ಸರದಿಯ ಸರಾಸರಿ ತೆಗೆಯಿರಿ, ಆ ಸರಾಸರಿಯನ್ನು ಪ್ರತಿಯೊಬ್ಬನ ಅಂಕಿಯಿಂದ ಕಳೆಯಿರಿ. ಉಳಿದದ್ದನ್ನು ತಂಡವಾರು ಕೂಡಿ.

ಎರಡು ಕಡೆ ಜಾರುವ ಸಂಭವವಿದೆ. ಸೋಲುವ ತಂಡದಲ್ಲಿ ಹೊಸಬನಿಗೆ ಬೇಗ ಜಾಗ ಸಿಗುತ್ತದೆ, ಆದ್ದರಿಂದ ಬರೀ ಆಡಿದ ಪಂದ್ಯ ಎಣಿಸಿದರೆ ಕೆಟ್ಟ ತಂಡವೇ ಜಾಣನಂತೆ ಕಾಣುತ್ತದೆ. ಹಾಗೇ ಒಬ್ಬ ಕ್ವಾರ್ಟರ್‌ಬ್ಯಾಕ್ ಇಡೀ ತಂಡದ ಮೊತ್ತವನ್ನು ಎಳೆದುಬಿಡುತ್ತಾನೆ. 2020ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ 21ನೇ ಸರದಿಗೆ ಜೇಲನ್ ರೇಗರ್‌ನನ್ನು ಕರೆದು, ಮರುಗಳಿಗೆಯೇ 22ರಲ್ಲಿ, ಮುಂದೆ ತಾರೆಯಾದ ಜಸ್ಟಿನ್ ಜೆಫರ್‌ಸನ್ ಮಿನೆಸೋಟಾ ತಂಡದ ಪಾಲಾಗುವುದನ್ನು ನೋಡುತ್ತ ಕೂತಿತು. ಆದರೆ ಅದೇ ಡ್ರಾಫ್ಟ್‌ನ 53ನೇ ಸರದಿಯ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ 2025ರ ಫೆಬ್ರವರಿಯಲ್ಲಿ ಅವರಿಗೆ ಸೂಪರ್ ಬೌಲ್ ಗೆದ್ದುಕೊಟ್ಟ. ಕ್ವಾರ್ಟರ್‌ಬ್ಯಾಕ್ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಮೊತ್ತ ಹಾಕಿ, ಎರಡನ್ನೂ ತೋರಿಸಿ.

ಕೊನೆಗೆ ಇನ್ನೊಂದು ಹಾಳೆ: ಯಾವ ಸುತ್ತಿನಲ್ಲೂ ಯಾರೂ ಕರೆಯದೆ, ಆಮೇಲೆ ತಂಡ ಸೇರಿಕೊಂಡವರದ್ದು. 1974ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಒಂದೇ ಡ್ರಾಫ್ಟ್‌ನಲ್ಲಿ ಸ್ವಾನ್, ಲ್ಯಾಂಬರ್ಟ್, ಸ್ಟಾಲ್‌ವರ್ತ್, ವೆಬ್‌ಸ್ಟರ್ ಎಂಬ ನಾಲ್ವರು ಹಾಲ್ ಆಫ್ ಫೇಮ್ ಆಟಗಾರರನ್ನು ಹಿಡಿಯಿತು ಅಂತ ಎಲ್ಲರೂ ಬರೆಯುತ್ತಾರೆ. ಅದೇ ವರ್ಷ ಡ್ರಾಫ್ಟ್ ಮುಗಿದ ಮೇಲೆ ಆ ತಂಡ ಸುಮ್ಮನೆ ಕರೆದು ಸೇರಿಸಿಕೊಂಡ ಡಾನಿ ಶೆಲ್ ಕೂಡ ಹಾಲ್ ಆಫ್ ಫೇಮ್ ಸೇರಿದ. ಆ ಐದನೆಯವನು ನಿಮ್ಮ ಮೊದಲ ಹಾಳೆಯಲ್ಲಿ ಬರುವುದೇ ಇಲ್ಲ.